ಕೆಡಿಸಿದವರು ಯಾರು?

ಸಹವಾಸದೋಷದಿಂದ ಸನ್ಯಾಸಿ ಕೆಟ್ಟನೆಂಬುದು ನಮ್ಮ ಗಾದೆ. ಷೇಕ್ಸ್‌ಪಿಯರ್ ಮಹಾಕವಿಯ ಮ್ಯಾಕ್‌ಬೆತ್‌ಗೂ ಇದನ್ನೇ ಅನ್ವಯಿಸಿ, ಮೂವರು ಮಾಟಗಾತಿಯರೂ ಕೈಹಿಡಿದ ಹೆಂಡತಿಯೂ ಸೇರಿ ಒಬ್ಬ ವೀರನನ್ನು ಹಾಳುಗೆಡವಿದರೆಂದು ಹೇಳುವವರು ಬಹುಮಂದಿ. ವಿದ್ಯಾರ್ಥಿದೆಸೆಯಲ್ಲಿ ನಾನೂ ಹಾಗೆಯೇ ಬರೆದು ಉತ್ತೀರ್ಣನಾದವನು. ಈಚೆಗೆ ನಾಟಕವನ್ನು ಮತ್ತೆ ಓದಿದಾಗ ಆ ತೀರ್ಪು ನ್ಯಾಯವಾದುದಲ್ಲವೆಂದು ತೋರಿತು.

ಆ ಬರಡು ಬಯಲಿನಲ್ಲಿ ಮಾಟಗಾತಿಯರ ಮಾತನ್ನು ಕೇಳಿದವನು ಮ್ಯಾಕ್‌ಬೆತ್ ಒಬ್ಬನೇ ಅಲ್ಲ; ಬ್ಯಾಂಕೋ ಕೂಡ ಪಕ್ಕದಲ್ಲಿದ್ದ. ಒಬ್ಬನಿಗೆ ದೊರೆತನ, ಇನ್ನೊಬ್ಬನ ಸಂತತಿಗೆ ದೊರೆತನ ಎಂದು ಅವರು ನುಡಿದರು. ಕೊಲ್ಲೆಂದು ಮಾತ್ರ ಯಾರಿಗೂ ಹೇಳಲಿಲ್ಲ. ಆ ನುಡಿಗೆ ಮ್ಯಾಕ್‌ಬೆತ್ ಬೆಚ್ಚಿದ; ಅವನು ಬೆಚ್ಚಿದುದನ್ನು ಕಂಡು ಬ್ಯಾಂಕೋ ಸೋಜಿಗಪಟ್ಟ. ಶುಭವಾರ್ತೆಗೆ ಮನುಷ್ಯನು ಬೆಚ್ಚುವುದೇಕೆ? ಒಳಗೆ ಬಚ್ಚಿಟ್ಟುಕೊಂಡದ್ದು ಇನ್ನೊಬ್ಬರ ಬಾಯಲ್ಲಿ ಕೇಳಿಬಂದುದರಿಂದ. ಬ್ಯಾಂಕೋ ಕೂಡ ಆಸೆಯಿಲ್ಲದವನಲ್ಲ. ಆ ಮಾಟಗಾತಿಯರು ಅವನ ಕನಸಿಗೂ ಬಂದರು. ಆದರೆ ಕೆಟ್ಟ ಯೋಚನೆಗಳಿಂದ ಕಾಪಾಡೆಂದು ಅವನು ದೈವವನ್ನು ಬೇಡಿದ.

ಕವಿ ಈ ಕಥೆಯನ್ನು ತೆಗೆದುಕೊಂಡದ್ದು 1587ರಲ್ಲಿ ಎರಡನೆಯ ಸಲ ಅಚ್ಚಾದ ಹೋಲಿನ್‌ಷೆಡ್‌ನ ಇತಿಹಾಸಗ್ರಂಥದಿಂದ. ಅಲ್ಲಿ ಬ್ಯಾಂಕೋ ಕೊಲೆಯಲ್ಲಿ ಪಾಲುಗಾರ. ಡಂಕನ್ ತೀರ ಮೆದುವಾದ ಅರಸು. ಸಿಂಹಾಸನದ ವಿಷಯದಲ್ಲಿ ದೂರಲು ಮ್ಯಾಕ್‌ಬೆತ್‌ಗೆ ಕಾರಣವೂ ಉಂಟು. 1603ರಲ್ಲಿ ಇಂಗ್ಲೆಂಡಿನ ಪಟ್ಟವೇರಿದ ಒಂದನೆಯ ಜೇಮ್ಸ್ ದೊರೆ ಬ್ಯಾಂಕೋವಿನ ವಂಶದವನೆನಿಸಿಕೊಂಡಿದ್ದುದರಿಂದ, ಕವಿ ಬ್ಯಾಂಕೋವಿನ ಕಳಂಕವನ್ನು ತೊಳೆದಿರಬಹುದು. ಕಾರಣವೇನೇ ಇರಲಿ, ನಾಯಕನಿಗಿದ್ದ ನೆಪಗಳೆಲ್ಲ ಒಂದೊಂದಾಗಿ ಕಳಚಿಹೋದವು.

ಇನ್ನು ಹೆಂಡತಿಯ ಮಾತು. ಆಕೆ ನಿರಪರಾಧಿಯೆಂದು ನಾನು ವಾದಿಸುವುದಿಲ್ಲ. ಡಂಕನ್ ತನಗೆ ಬಂಧು, ಅರಸು, ಮೇಲಾಗಿ ಅತಿಥಿ ಎಂದು ನೆನೆದು ಕೊಲೆಯ ಯೋಚನೆಯನ್ನೇ ಕೈಬಿಟ್ಟಿದ್ದ ಗಂಡನನ್ನು ಆಕೆ ಹೇಡಿಯೆಂದು ಹಂಗಿಸಿ ಮತ್ತೆ ಹೊರಡಿಸಿದಳು. ಆದರೆ ಆಸೆಯನ್ನು ಬಿತ್ತಿದವಳು ಆಕೆಯಲ್ಲ. ಅದಕ್ಕೆ ಅಡ್ಡ ನಿಂತಿದ್ದ ಅಂತಃಸಾಕ್ಷಿಯ ಬಾಯಿ ಮುಚ್ಚಿಸಿದಳು, ಅಷ್ಟೆ. ಮಾಟಗಾತಿಯರ ನುಡಿಯನ್ನು ಕಾಗದ ಬರೆದು ಆಕೆಗೆ ತಿಳಿಸಿದವನೂ ಅವನೇ. ನಮಗೆ ಬೇಕಾದ ಬುದ್ಧಿವಾದವನ್ನು ಹೇಳುವವರ ಬಳಿಗೇ ನಾವು ಹೋಗುವುದು ಲೋಕರೂಢಿಯಲ್ಲವೆ?

ಮುಂದೆ ಅವನಿಗೆ ಆ ಪ್ರೇರಣೆಯೂ ಬೇಕಾಗಲಿಲ್ಲ. ಬ್ಯಾಂಕೋವಿನ ಕೊಲೆಯನ್ನು ಹೆಂಡತಿಗೂ ಬಿಚ್ಚಿ ಹೇಳದೆ ಮಾಡಿಸಿದ. ಮೊದಲು ತಾವಾಗಿ ಎದುರಾದ ಮಾಟಗಾತಿಯರನ್ನು ಈಗ ತಾನೇ ಹುಡುಕಿಕೊಂಡು ಹೋದ. ಮ್ಯಾಕ್‌ಡಫನ ಹೆಂಡತಿ ಮಕ್ಕಳನ್ನು ಕೊಲ್ಲಿಸೆಂದು ಅವನಿಗೆ ಯಾರೂ ಹೇಳಲಿಲ್ಲ. ಅತ್ತ, ಅವನನ್ನು ಮೊದಲ ಕೊಲೆಗೆ ದೂಡಿದವಳು ನಿದ್ದೆಯಲ್ಲಿ ನಡೆಯುತ್ತ, ಇಲ್ಲದ ರಕ್ತವನ್ನು ಕೈಯಿಂದ ತೊಳೆಯುತ್ತಿದ್ದಳು.

ಹೊರಗಿನ ಪ್ರೇರಣೆ ಸುಳ್ಳೆಂದು ನಾನು ಹೇಳುವುದಿಲ್ಲ. ಅದಿಲ್ಲದಿದ್ದರೆ ಅವನ ಆಸೆ ಆಸೆಯಾಗಿಯೇ ಉಳಿಯುತ್ತಿತ್ತೋ ಏನೋ. ಆದರೆ ಎಲ್ಲ ದೋಷವನ್ನೂ ಸಹವಾಸದ ಮೇಲೆ ಹೊರಿಸಿದರೆ ಮ್ಯಾಕ್‌ಬೆತ್‌ಗೆ ಕರುಣೆ ತೋರಿದಂತಾಗದು. ಬೇಡವೆನ್ನುವ ಶಕ್ತಿ ಅವನಲ್ಲಿತ್ತೆಂಬುದನ್ನೇ ಅಲ್ಲಗಳೆದಂತಾಗುತ್ತದೆ. ಆ ಶಕ್ತಿ ಇತ್ತು. ಡಂಕನ್ ಅವನ ಮನೆಯಲ್ಲಿ ಉಣ್ಣುತ್ತಿದ್ದ ರಾತ್ರಿ ಅದು ಎಚ್ಚೆತ್ತೂ ಇತ್ತು. ಅದನ್ನು ಬಲ್ಲೆವಾದುದರಿಂದಲೇ ಅವನ ಪತನ ನಮ್ಮನ್ನು ಇಷ್ಟು ಕಲಕುತ್ತದೆ.