ಅಂಕಗಳನ್ನು ಓದುವ ಬಗೆ

ಪರೀಕ್ಷೆ ಬರೆಯುವುದನ್ನು ನಮ್ಮ ಮಕ್ಕಳಿಗೆ ಎಲ್ಲರೂ ಕಲಿಸುತ್ತಾರೆ. ಬರೆದ ಪರೀಕ್ಷೆಯನ್ನು ಓದಿಕೊಳ್ಳುವುದನ್ನು ಕಲಿಸುವವರು ವಿರಳ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳಲ್ಲಿ ಕಬ್ಬಿನ ಕಟಾವು ಮುಗಿಯುತ್ತ ಬಂದಂತೆ ಇನ್ನೊಂದು ಸುಗ್ಗಿ ಮೊದಲಾಗುತ್ತದೆ. ಅದು ಅಭ್ಯಾಸ ಪರೀಕ್ಷೆಗಳ ಸುಗ್ಗಿ. ಪಿಯುಸಿಯ ಪೂರ್ವಸಿದ್ಧತಾ ಪರೀಕ್ಷೆ ಒಂದು ಕಡೆ, ಸಿಇಟಿಯ ಮಾದರಿ ಪರೀಕ್ಷೆ ಇನ್ನೊಂದು ಕಡೆ, ವೈದ್ಯರಾಗಬಯಸುವವರಿಗೆ ನೀಟ್ ಅಭ್ಯಾಸ ಮತ್ತೊಂದು ಕಡೆ. ಸಂಜೆಗೆ ಅಂಕಗಳು ಮೊಬೈಲಿಗೆ ಬರುತ್ತವೆ. ಊಟದ ಹೊತ್ತಿಗೆ ಮನೆಯಲ್ಲಿ ತೀರ್ಪು ಆಗಿಬಿಟ್ಟಿರುತ್ತದೆ. “ಇವನ ಕಡೆಯಿಂದ ಇದು ಆಗೂದಿಲ್ಲ” ಎಂದು ಒಂದು ಮನೆಯಲ್ಲಿ, “ನಮ್ಮ ಹುಡುಗಿಗೆ ಸೀಟು ಗಟ್ಟಿ” ಎಂದು ಇನ್ನೊಂದು ಮನೆಯಲ್ಲಿ. ಈ ಎರಡು ಮಾತುಗಳೂ ಆ ಅಂಕಗಳಲ್ಲಿ ಇರುವುದಿಲ್ಲ, ನಾವೇ ಅವನ್ನು ಹೊರಗಿನಿಂದ ತುಂಬುತ್ತೇವೆ ಎಂಬುದು ನನ್ನ ಮತ.

ಹೀಗೆ ತುಂಬುವ ರೂಢಿ ಹಳೆಯದು. ಬೆಳಗಾವಿ ಜಿಲ್ಲೆ 1956ರ ನವೆಂಬರ 1ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಮ್ಯಾಟ್ರಿಕ್ ಪರೀಕ್ಷೆಯ ಕಾಲದಲ್ಲಿ ಹೈಸ್ಕೂಲುಗಳು ಮೊದಲು ತಾವೇ ಪ್ರಿಲಿಮಿನರಿ ಪರೀಕ್ಷೆಯನ್ನು ನಡೆಸಿ, ಅದರಲ್ಲಿ ಗೆದ್ದವನ ಫಾರ್ಮನ್ನು ಮುಂದಕ್ಕೆ ಕಳಿಸುತ್ತಿದ್ದವು. ಸೋತವನು ಆ ವರ್ಷಕ್ಕೆ ಮನೆಯಲ್ಲೇ. ಅಂದಿನ ಅಭ್ಯಾಸ ಪರೀಕ್ಷೆ ನಿಜಕ್ಕೂ ಒಂದು ಬಾಗಿಲಾಗಿತ್ತು, ಕಾಯುವವನೂ ಇದ್ದ. ಇಂದು ಸಿಇಟಿಯನ್ನು ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರವಾಗಲಿ, ನೀಟ್ ನಡೆಸುವ ಸಂಸ್ಥೆಯಾಗಲಿ ಮಾದರಿ ಪರೀಕ್ಷೆಯಲ್ಲಿ ಎಷ್ಟು ಬಂತೆಂದು ಯಾರನ್ನೂ ಕೇಳುವುದಿಲ್ಲ. ಬಾಗಿಲು ಹೋಗಿದೆ, ಬಾಗಿಲ ಅಂಜಿಕೆ ಮಾತ್ರ ಮನೆಯಲ್ಲಿ ಉಳಿದಿದೆ.

ನಮ್ಮ ಸೀಮೆಯ ಜನಕ್ಕೆ ಅಂಕಿಗಳನ್ನು ಓದಲು ಬಾರದೆಂದು ಯಾರೂ ಹೇಳುವಂತಿಲ್ಲ. ಮಳೆಗಾಲದಲ್ಲಿ ಕೃಷ್ಣೆಯ ದಂಡೆಯ ರೈತ ಮುಂಜಾನೆ ಕೇಳುವ ಮೊದಲ ಮಾತು, ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್ ನೀರು ಬರುತ್ತಲಿದೆ, ಕೊಯ್ನೆಯಲ್ಲಿ ಮಳೆ ಎಷ್ಟು ಎಂಬುದು. ಅಂಕಿಯನ್ನು ಕೇಳಿದವನೇ ಅವನು ನದಿಯನ್ನು ಬೈಯುತ್ತ ಕೂಡುವುದಿಲ್ಲ. ಕಲ್ಲೋಳ–ಯಡೂರ ಸೇತುವೆ ಯಾವಾಗ ಮುಳುಗೀತು, ಪಂಪಸೆಟ್ಟನ್ನು ಯಾವಾಗ ಮೇಲಕ್ಕೆ ತರಬೇಕು, ದನಗಳನ್ನು ಎಲ್ಲಿ ಕಟ್ಟಬೇಕು ಎಂದು ಲೆಕ್ಕ ಹಾಕುತ್ತಾನೆ. 2019ರ ಆಗಸ್ಟಿನ ಮಹಾಪೂರವನ್ನು ಕಂಡವರಿಗೆ ಈ ಲೆಕ್ಕದ ಬೆಲೆಯನ್ನು ನಾನು ಹೇಳಬೇಕಾಗಿಲ್ಲ. ಕಬ್ಬಿನ ವಿಷಯವೂ ಹಾಗೆಯೆ. ಕಬ್ಬು ಪಕ್ವವಾಯಿತೋ ಇಲ್ಲವೋ ಎಂದು ತಿಳಿಯಲು ಬುಡದ ರಸವನ್ನಷ್ಟೇ ನೋಡಿದರೆ ಸಾಲದು. ಬುಡದಲ್ಲಿ ಎಷ್ಟು ಬ್ರಿಕ್ಸ್, ತುದಿಯಲ್ಲಿ ಎಷ್ಟು ಎಂದು ಹೋಲಿಸಬೇಕು. ಎರಡೂ ಹತ್ತಿರ ಬಂದಾಗಲೇ ಕಡಿಯುವ ಹೊತ್ತು. ಹೊಲದಲ್ಲಿ ಇಷ್ಟು ಜಾಣತನದಿಂದ ಅಂಕಿಯನ್ನು ಓದುವ ತಂದೆ, ಮಗಳ ಅಂಕಪಟ್ಟಿಯಲ್ಲಿ ಮಾತ್ರ ಕೊನೆಯ ಒಟ್ಟು ಸಂಖ್ಯೆಯನ್ನಷ್ಟೇ ನೋಡುವುದೇಕೆ?

ಒಟ್ಟು ಸಂಖ್ಯೆ ಎಷ್ಟು ಮುಚ್ಚಿಡುತ್ತದೆಂಬುದನ್ನು ಒಂದು ಉದಾಹರಣೆಯಿಂದ ನೋಡಬಹುದು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಈ ಮೂರರಲ್ಲಿ ಸಿಇಟಿಗೆ ತಲಾ 60ರಂತೆ 180 ಅಂಕಗಳು. ಇಬ್ಬರು ವಿದ್ಯಾರ್ಥಿಗಳು ಮಾದರಿ ಪರೀಕ್ಷೆಯಲ್ಲಿ 96 ಅಂಕ ಪಡೆದರೆಂದುಕೊಳ್ಳೋಣ. ಒಬ್ಬನಿಗೆ ಮೂರರಲ್ಲಿಯೂ 32. ಇನ್ನೊಬ್ಬನಿಗೆ 48, 36, ಮತ್ತು ಗಣಿತದಲ್ಲಿ 12. ಮೊದಲನೆಯವನಿಗೆ ಎಲ್ಲೆಡೆ ಸ್ವಲ್ಪ ಸ್ವಲ್ಪ ಗಟ್ಟಿಯಾಗಬೇಕಾಗಿದೆ. ಎರಡನೆಯವನು ಗಣಿತದ ಕೆಲವು ಅಧ್ಯಾಯಗಳನ್ನು ಬುಡದಿಂದ ಕಲಿಯಬೇಕು. ಇಬ್ಬರಿಗೂ “ಇನ್ನಷ್ಟು ಓದು” ಎಂಬ ಒಂದೇ ಉಪದೇಶವನ್ನು ಕೊಟ್ಟರೆ ಇಬ್ಬರಿಗೂ ಅದರಿಂದ ಪ್ರಯೋಜನವಿಲ್ಲ.

ಆದುದರಿಂದ ವಿದ್ಯಾರ್ಥಿ ಒಂದು ವಹಿಯಲ್ಲಿ ತನ್ನ ತಪ್ಪುಗಳನ್ನು ವಿಂಗಡಿಸಿ ಬರೆಯಬೇಕೆಂದು ನಾನು ಹೇಳುತ್ತೇನೆ. ವಿಷಯವೇ ತಿಳಿಯದೆ ತಪ್ಪಿದ್ದು ಒಂದು ಸಾಲು. ತಿಳಿದೂ ಲೆಕ್ಕದಲ್ಲಿಯೋ ಗುರುತು ಹಾಕುವಲ್ಲಿಯೋ ತಪ್ಪಿದ್ದು ಎರಡನೆಯದು. ಹೊತ್ತು ಸಾಲದೆ ಬಿಟ್ಟದ್ದು ಮೂರನೆಯದು. ಮೊದಲನೆಯದಕ್ಕೆ ಪುಸ್ತಕವೇ ಮದ್ದು, ಎರಡನೆಯದಕ್ಕೆ ನಿಧಾನ, ಮೂರನೆಯದಕ್ಕೆ ಗಡಿಯಾರ ಇಟ್ಟುಕೊಂಡು ಮಾಡುವ ಅಭ್ಯಾಸ. ನಮ್ಮ ಭಾಗದ ಮಕ್ಕಳಿಗೆ ನಾಲ್ಕನೆಯ ಸಾಲೊಂದು ಅವಶ್ಯವಾಗಿ ಬೇಕು, ಅದು ಭಾಷೆಯದು. ಹತ್ತನೆಯ ತರಗತಿಯವರೆಗೆ “ವೇಗೋತ್ಕರ್ಷ” ಎಂದು ಕಲಿತ ಹುಡುಗ, “ತ್ವರಣ” ಎಂದು ಮರಾಠಿಯಲ್ಲಿ ಕಲಿತ ಹುಡುಗಿ, ಇಬ್ಬರೂ ಪಿಯುಸಿಯ ಮೊದಲ ದಿನವೇ “ಆಕ್ಸಲರೇಷನ್” ಎಂಬ ಶಬ್ದದ ಮುಂದೆ ಒಂದೇ ಬೆಂಚಿನ ಮೇಲೆ ಕೂಡುತ್ತಾರೆ. ವಿಷಯ ಬಲ್ಲವರೂ ಪ್ರಶ್ನೆಯ ವಾಕ್ಯದಲ್ಲಿ ಎಡವುತ್ತಾರೆ. ಇದನ್ನು ಬುದ್ಧಿಯ ಕೊರತೆಯೆಂದು ಬಗೆಯುವುದು ದೊಡ್ಡ ಅನ್ಯಾಯ. ನೀಟ್ ಪರೀಕ್ಷೆಯ ಪ್ರಶ್ನೆಗಳು ಕನ್ನಡ, ಮರಾಠಿಗಳೂ ಸೇರಿ 13 ಭಾಷೆಗಳಲ್ಲಿ ದೊರೆಯುತ್ತವೆ. ಯಾವ ಭಾಷೆಯಲ್ಲಿ ಬರೆಯಬೇಕೆಂಬುದನ್ನು ಸಹ ಅಭ್ಯಾಸ ಪರೀಕ್ಷೆಯ ಈ ನಾಲ್ಕನೆಯ ಸಾಲೇ ಹೇಳಬೇಕು.

ಇನ್ನು ಯಾವ ಪರೀಕ್ಷೆಯ ಅಭ್ಯಾಸ ಎಂಬ ಪ್ರಶ್ನೆ. ನಾವು ಗಡಿಯವರು. ನಿಪ್ಪಾಣಿಯ ಮಗ್ಗುಲಲ್ಲಿರುವ ಅರ್ಜುನನಗರದ ದೇವಚಂದ ಕಾಲೇಜು ಕೊಲ್ಹಾಪುರ ಜಿಲ್ಲೆಗೆ ಸೇರಿದ್ದು. ಊರು ದಾಟಿದರೆ ರಾಜ್ಯವೇ ದಾಟುತ್ತದೆ. ರಾಜ್ಯದೊಡನೆ ಪರೀಕ್ಷೆಯೂ ಬದಲಾಗುತ್ತದೆ. ಕರ್ನಾಟಕದ ಸಿಇಟಿಯಲ್ಲಿ 60 ಪ್ರಶ್ನೆಗಳಿಗೆ 80 ನಿಮಿಷ, ಅಂದರೆ ಪ್ರಶ್ನೆಗೆ 80 ಸೆಕೆಂಡು. 2025ರ ನೀಟ್‌ನಲ್ಲಿ 180 ಪ್ರಶ್ನೆಗೆ 180 ನಿಮಿಷ, ಪ್ರಶ್ನೆಗೆ 60 ಸೆಕೆಂಡು. ಮಹಾರಾಷ್ಟ್ರದ ಸಿಇಟಿಯಲ್ಲಿ ಭೌತ, ರಸಾಯನಗಳ 100 ಪ್ರಶ್ನೆಗೆ 90 ನಿಮಿಷವಾದರೆ, ಗಣಿತದ 50 ಪ್ರಶ್ನೆಗೂ 90 ನಿಮಿಷ. ಅಲ್ಲಿ ಗಣಿತದ ಪ್ರಶ್ನೆಗೆ ಎರಡು ಅಂಕ. ಕರ್ನಾಟಕದ ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡತಕ್ಕದ್ದಲ್ಲ. ನೀಟ್‌ನಲ್ಲಿ ಸರಿಯುತ್ತರಕ್ಕೆ ನಾಲ್ಕು ಬಂದರೆ ತಪ್ಪಿಗೆ ಒಂದು ಹೋಗುತ್ತದೆ. ಒಂದರ ಅಭ್ಯಾಸದ ಅಂಕದಿಂದ ಇನ್ನೊಂದರ ಭವಿಷ್ಯ ನುಡಿಯುವವರನ್ನು ನಾನು ನಂಬಲಾರೆ.

ಇಂಜಿನಿಯರಿಂಗಿನ ರ‍್ಯಾಂಕಿಗೆ ಸಿಇಟಿ ಅರ್ಧ, ಪಿಯುಸಿ ಅರ್ಧ ಎಂಬುದನ್ನು ಎಲ್ಲರೂ ಬಲ್ಲರು; ಅದರ ಲೆಕ್ಕವನ್ನು ಮಾಡಿ ನೋಡಿದವರು ಕಡಿಮೆ. ಮೂರು ವಿಷಯಗಳಿಗೆ ಅಲ್ಲಿ 180, ಇಲ್ಲಿ 300. ಹಾಗಾದರೆ ಸಿಇಟಿಯ 6 ಅಂಕಕ್ಕೆ ಪಿಯುಸಿಯ 10 ಅಂಕದ ತೂಕ. ಮಾದರಿ ಸಿಇಟಿಯಲ್ಲಿ ಹಿಂದೆ ಬಿದ್ದ ಹುಡುಗ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಚೆನ್ನಾಗಿ ಬರೆದಿದ್ದರೆ ಅವನು ಎದೆಗುಂದಬೇಕಾದುದಿಲ್ಲ. ನೀಟ್‌ನಲ್ಲಿಯಾದರೋ ಪಿಯುಸಿಯ ಅಂಕ ರ‍್ಯಾಂಕಿಗೆ ಸೇರುವುದಿಲ್ಲ. 720ರಲ್ಲಿ 360 ಜೀವಶಾಸ್ತ್ರದ್ದೇ. ಹೊತ್ತನ್ನು ಎಲ್ಲಿ ಸುರಿಯಬೇಕೆಂಬುದು ಇದರ ಮೇಲೆ ನಿಂತಿದೆ.

ಅಭ್ಯಾಸದ ಪ್ರಶ್ನೆಪತ್ರಿಕೆಯನ್ನು ಕೂಡ ಪರೀಕ್ಷಿಸಬೇಕು. 2024ರ ಸಿಇಟಿಯಲ್ಲಿ ಪಠ್ಯದ ಹೊರಗಿನ ಪ್ರಶ್ನೆಗಳು ಬಂದುವೆಂದು ಗದ್ದಲವೆದ್ದು, ಕೊನೆಗೆ 50 ಪ್ರಶ್ನೆಗಳನ್ನು ಕೈಬಿಟ್ಟೇ ಮೌಲ್ಯಮಾಪನ ನಡೆಯಿತು. ಸರಕಾರದ ಪರೀಕ್ಷೆಯಲ್ಲಿಯೇ ಹೀಗಾಗುವುದಾದರೆ, ಎಂದೋ ಅಚ್ಚಾದ ಪ್ರಶ್ನೆಗಳ ಕಟ್ಟಿನಿಂದ ತೆಗೆದ ಮಾದರಿ ಪರೀಕ್ಷೆಯಲ್ಲಿ ಕಡಿಮೆ ಬಂತೆಂದು ಕಣ್ಣೀರಿಡುವ ಮೊದಲು, ಆ ಪಾಠ ಈಗಿನ ಪುಸ್ತಕದಲ್ಲಿ ಇದೆಯೋ ಇಲ್ಲವೋ ಎಂದು ನೋಡುವುದು ಲೇಸು.

ನನಗೆ ಪರಿಚಯದ ಒಂದು ತಂಬಾಕಿನ ಹೊಲದವರ ಮನೆಯಲ್ಲಿ ಹೀಗಾಯಿತು. ಹುಡುಗಿ ಎರಡು ಪರೀಕ್ಷೆಗಳಲ್ಲಿ ಏರುತ್ತ ಬಂದವಳು ಮೂರನೆಯದರಲ್ಲಿ ಇಳಿದಳು. ತಂದೆ, “ಸಾಕವ್ವಾ, ಬಿ.ಎ.ಗೆ ಹಚ್ಚೋಣು” ಎಂದರು. ತಾಯಿಯ ಬಾಯಲ್ಲಿ ಆಗಲೇ ಗಂಡಿನ ಮಾತು. ಆ ಉತ್ತರಪತ್ರಿಕೆಯನ್ನು ಯಾರೂ ಬಿಚ್ಚಿ ನೋಡಿರಲಿಲ್ಲ. ನೋಡಿದಾಗ ಕಂಡದ್ದು ಇಷ್ಟು: ಗಣಿತದ ಕೊನೆಯ ಹದಿನಾಲ್ಕು ಪ್ರಶ್ನೆಗಳನ್ನು ಅವಳು ಮುಟ್ಟಿಯೇ ಇರಲಿಲ್ಲ, ಮೊದಲಿನ ಮೂರು ಕಠಿಣ ಲೆಕ್ಕಗಳಲ್ಲಿ ಹೊತ್ತೆಲ್ಲ ಕರಗಿತ್ತು. ಅದು ಒಂದು ವಾರದಲ್ಲಿ ತಿದ್ದಬಹುದಾದ ದೋಷ. ಅವಳಿಗೆ ಮುಂದೆ ಎಷ್ಟನೆಯ ರ‍್ಯಾಂಕು ಬಂತೆಂಬುದನ್ನು ನಾನು ಇಲ್ಲಿ ಹೇಳಲು ಹೊರಟಿಲ್ಲ. ಒಂದು ದಿನದ ಒಂದು ಸಂಖ್ಯೆ ಒಬ್ಬ ಹುಡುಗಿಯ ಇಡೀ ಬಾಳಿನ ದಿಕ್ಕನ್ನು ತಿರುಗಿಸಲು ಸಿದ್ಧವಾಗಿತ್ತು, ಅಷ್ಟು ಸಾಕು. ಇದಕ್ಕೆ ವಿರುದ್ಧವಾದ ಕೇಡೂ ಉಂಟು. ಒಂದು ಒಳ್ಳೆಯ ಅಂಕವನ್ನು ನಂಬಿ ಸಾಲ ತೆಗೆದು ಮಗನನ್ನು ದೂರದ ಊರಿನ ಕೋಚಿಂಗಿಗೆ ಕಳಿಸಿ, ಒಂದು ವರ್ಷ ಕಳೆದ ಮೇಲೆ ಎರಡನ್ನೂ ಲೆಕ್ಕ ಹಾಕುತ್ತ ಕೂಡುವವರು ಇದ್ದಾರೆ. ಮೂರು ನಾಲ್ಕು ಪರೀಕ್ಷೆಗಳ ಅಂಕಗಳನ್ನು ಸಾಲಾಗಿ ಬರೆದು ನೋಡದೆ ಇಂಥ ನಿರ್ಧಾರ ಸಲ್ಲದು.

ಒಬ್ಬೊಬ್ಬ ಅಧ್ಯಾಪಕನ ಮುಂದೆ ಇಷ್ಟೊಂದು ಮಕ್ಕಳಿರುವಾಗ ಪ್ರತಿಯೊಬ್ಬರ ತಪ್ಪನ್ನು ವಿಂಗಡಿಸುವವರಾರು ಎಂದು ಅಧ್ಯಾಪಕ ಮಿತ್ರರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ವಿಂಗಡಿಸುವ ಕೆಲಸ ವಿದ್ಯಾರ್ಥಿಯದು. ಅಧ್ಯಾಪಕರು ಉತ್ತರಪತ್ರಿಕೆಯನ್ನು ತಿರುಗಿ ಕೊಟ್ಟು, ಪರೀಕ್ಷೆಯ ಮರುದಿನ ಒಂದು ತಾಸನ್ನು ಅದಕ್ಕಾಗಿ ಮೀಸಲಿಟ್ಟರೆ ಸಾಕು. ಇನ್ನೊಂದು ಪರೀಕ್ಷೆಯನ್ನು ಬರೆಸುವುದಕ್ಕಿಂತ ಆ ಒಂದು ತಾಸು ಹೆಚ್ಚು ಫಲ ಕೊಟ್ಟೀತು. ಮಾದರಿ ಪರೀಕ್ಷೆಯ ಅಂಕಗಳನ್ನು ಫ್ಲೆಕ್ಸ್ ಫಲಕಕ್ಕೆ ಏರಿಸುವುದನ್ನಂತೂ ನಿಲ್ಲಿಸಬೇಕು. ಹಿಂದೆ ಬಿದ್ದವನಿಗೆ ಅದು ಬೀದಿಯಲ್ಲಿ ಅವಮಾನ. ಮುಂದಿದ್ದವನಿಗೆ ಹುಸಿ ಧೈರ್ಯ.

ಯೋಜನೆಯೆಂದರೆ ಓದಿನದಷ್ಟೇ ಅಲ್ಲ, ಕಾಗದಪತ್ರಗಳದೂ ಹೌದೆಂದು ಹಿರಿಯರು ನೆನಪಿಡಬೇಕು. ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಓದಿದವರಿಗೆ ಸಿಇಟಿ ಸೀಟುಗಳಲ್ಲಿ ಶೇಕಡಾ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಮೀಸಲಿದೆ. ಅಂಕಕ್ಕಾಗಿ ರಾತ್ರಿಯೆಲ್ಲ ದುಡಿದ ಮಗುವಿನ ಹಕ್ಕು ಒಂದು ಪ್ರಮಾಣಪತ್ರಕ್ಕಾಗಿ ತಪ್ಪಿಹೋಗಬಾರದು. ಈ ವರ್ಷದ ಮೊದಲ ಮಾದರಿ ಪರೀಕ್ಷೆಯ ಅಂಕ ಮನೆಗೆ ಬಂದ ದಿನ, ತಂದೆ-ತಾಯಿ “ಎಷ್ಟು ಬಂತು?” ಎಂದು ಕೇಳಿದ ಬಳಿಕ “ಯಾವುದು, ಏಕೆ ತಪ್ಪಿತು?” ಎಂದೂ ಕೇಳಲಿ. ಆ ಎರಡನೆಯ ಪ್ರಶ್ನೆಗೆ ಮಗು ಕೊಡುವ ಉತ್ತರದಿಂದಲೇ ಮುಂದಿನ ತಿಂಗಳ ಓದು ಮೊದಲಾಗಬೇಕು.