ಲಾಠಿಯಿಂದ ಐಕ್ಯ ಉಳಿದೀತೆ?

ಒಂದು ಪ್ರಾಂತದ ಜನ ‘ನಾವು ಬೇರೆಯಾಗುತ್ತೇವೆ’ ಎಂದು ಎದ್ದು ನಿಂತಾಗ ಆಳುವವರು ಮಾಡಬೇಕಾದುದೇನು? ಯೂರೋಪಿನ ಎರಡು ದೇಶಗಳು ಈ ಪ್ರಶ್ನೆಗೆ ಎರಡು ಬಗೆಯ ಉತ್ತರ ಕೊಟ್ಟಿವೆ.

ಸ್ಪೇನಿನ ಕ್ಯಾಟಲೋನಿಯಾ ಪ್ರಾಂತದ ಸರ್ಕಾರ 2017ರ ಅಕ್ಟೋಬರ್ 1ರಂದು ಜನಮತಗಣನೆ ನಡೆಸಿತು. ಸಂವಿಧಾನ ನ್ಯಾಯಾಲಯ ಅದನ್ನು ತಡೆದಿತ್ತು, ನಿಜ. ಬೇರ್ಪಡೆಗೆ ಒಪ್ಪದ ಬಹುಮಂದಿ ಮತಗಟ್ಟೆಯ ಕಡೆ ಸುಳಿಯಲಿಲ್ಲ. ಮತ ಹಾಕಿದವರು ಶೇಕಡಾ 43ರಷ್ಟು ಮಾತ್ರ. ಅದನ್ನು ಇಡೀ ಪ್ರಾಂತದ ತೀರ್ಪೆನ್ನಲಾಗದು. ಆದರೆ ಕೇಂದ್ರ ಸರ್ಕಾರ ಜನರನ್ನು ಒಲಿಸಿಕೊಳ್ಳುವ ಬದಲು ಪೊಲೀಸರನ್ನು ಕಳುಹಿಸಿತು. ಮತ ಹಾಕಲು ಬಂದವರ ಮೇಲೆ ಲಾಠಿ ಬಿತ್ತು, ರಬ್ಬರ್ ಗುಂಡು ಹಾರಿತು. 2019ರಲ್ಲಿ ಒಂಬತ್ತು ಮುಖಂಡರಿಗೆ 9ರಿಂದ 13 ವರ್ಷಗಳ ಸೆರೆವಾಸದ ಶಿಕ್ಷೆಯಾಯಿತು. 2021ರಲ್ಲಿ, ಬೇರೊಂದು ಸರ್ಕಾರದ ಕಾಲದಲ್ಲಿ, ಅವರಿಗೆ ಕ್ಷಮಾದಾನ ಕೊಟ್ಟು ಬಿಡಬೇಕಾಯಿತು. ಲಾಠಿ ಬೀಸಿ ಸಾಧಿಸಿದ್ದೇನು?

ಬ್ರಿಟನ್ನಿನ ದಾರಿ ಬೇರೆ. 2012ರಲ್ಲಿ ಲಂಡನ್ ಸರ್ಕಾರವೂ ಸ್ಕಾಟ್ಲೆಂಡ್ ಸರ್ಕಾರವೂ ಒಪ್ಪಂದ ಮಾಡಿಕೊಂಡವು. 2014ರ ಸೆಪ್ಟೆಂಬರ್ 18ರಂದು ಶೇಕಡಾ 84ಕ್ಕೂ ಮಿಕ್ಕಿ ಮತದಾರರು ಮತ ಹಾಕಿದರು. ‘ಕೂಡಿ ಇರೋಣ’ ಎಂದವರು ಶೇಕಡಾ 55, ‘ಬೇರೆಯಾಗೋಣ’ ಎಂದವರು 45.

ಈ ಲೆಕ್ಕದೊಳಗೆ ದುಡಿಯುವ ಜನ ಗಮನಿಸಬೇಕಾದ ಸಂಗತಿಯೊಂದಿದೆ. 32 ವಿಭಾಗಗಳಲ್ಲಿ ‘ಬೇರೆಯಾಗೋಣ’ ಎಂಬ ಪಕ್ಷಕ್ಕೆ ಬಹುಮತ ಬಂದದ್ದು ನಾಲ್ಕರಲ್ಲಿ ಮಾತ್ರ. ಅವು ಯಾವುವು? ಹಡಗು ಕಟ್ಟುತ್ತಿದ್ದ ಗ್ಲಾಸ್ಗೋ. ಬಂಗಾಳದ ಸೆಣಬು ನೇಯುತ್ತಿದ್ದ ಡಂಡೀ. ಸಿಂಗರ್ ಹೊಲಿಗೆ ಯಂತ್ರದ ಕಾರ್ಖಾನೆ 1980ರಲ್ಲಿ ಮುಚ್ಚಿಹೋದ ಕ್ಲೈಡ್‌ಬ್ಯಾಂಕ್ ಇರುವ ಪಶ್ಚಿಮ ಡನ್‌ಬಾರ್ಟನ್‌ಷೈರ್. ರೇವನ್ಸ್‌ಕ್ರೇಗ್ ಉಕ್ಕಿನ ಕಾರ್ಖಾನೆ 1992ರಲ್ಲಿ ನಿಂತುಹೋದ ಉತ್ತರ ಲ್ಯಾನಾರ್ಕ್‌ಷೈರ್. ಗಿರಣಿ ಮುಚ್ಚಿದ ಊರಿನ ಪಾಡೇನೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಕೂಲಿ ನಿಂತ ತಿಂಗಳೇ ಅಂಗಡಿಯ ಸಾಲದ ಪುಸ್ತಕ ದಪ್ಪವಾಗುತ್ತದೆ.

ಬೇರೆಯಾದರೆ ಆ ಕಾರ್ಖಾನೆಗಳು ತೆರೆಯುತ್ತಿದ್ದವೇ? ನಾವು ನಂಬೆವು. ಬಾವುಟ ಬದಲಾದ ಮಾತ್ರಕ್ಕೆ ಬಂಡವಾಳಗಾರ ಬದಲಾಗುವುದಿಲ್ಲ. ಹೊಸ ಗಡಿ ಬಂದರೆ ವ್ಯಾಪಾರಿಗೆ ಹೊಸ ಸುಂಕದ ಕಟ್ಟೆ. ಕಾರ್ಮಿಕರ ಒಗ್ಗಟ್ಟಿಗೆ ನಡುವೆ ಗೋಡೆ. ಆದರೂ ಅಲ್ಲಿಯ ಜನ ಅವಿವೇಕಿಗಳೆಂದು ಬೈಯುವುದು ಅನ್ಯಾಯ. ಕೂಡಿ ಇದ್ದು ಕಂಡ ಸುಖವೇನು ಎಂದು ಅವರು ಕೇಳಿದರು.

ಆ ಪ್ರಶ್ನೆ ಇನ್ನೂ ಸತ್ತಿಲ್ಲ. ಲಂಡನ್ನಿನ ಒಪ್ಪಿಗೆಯಿಲ್ಲದೆ ಮತ್ತೊಂದು ಜನಮತಗಣನೆಗೆ ಸ್ಕಾಟ್ಲೆಂಡಿನ ಶಾಸನಸಭೆ ಕಾನೂನು ಮಾಡುವಂತಿಲ್ಲವೆಂದು 2022ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ತೀರ್ಪು ಬಾಗಿಲು ಮುಚ್ಚಬಲ್ಲುದು, ಕೆಲಸ ಕೊಡಲಾರದು.

ರಾಷ್ಟ್ರ ಒಂದಾಗಿರಬೇಕೆಂಬುದೇ ನಮ್ಮ ನಿಲುವು. ಒಂದಾಗಿರಬೇಕೆಂದು ಉಪದೇಶ ಮಾಡುವವರು ಮೊದಲು ಮುಚ್ಚಿದ ಗಿರಣಿಯ ಬಾಗಿಲಿಗೆ ಹೋಗಿ, ಅಲ್ಲಿ ನಿಂತವರ ಮಾತು ಕೇಳಲಿ. ಕೆಲಸ, ಕೂಲಿ, ಸಮಪಾಲು ಇವುಗಳನ್ನು ಕೊಡುವ ರಾಷ್ಟ್ರ ಜನಮತಕ್ಕೆ ಅಂಜಬೇಕಾಗಿಲ್ಲ.