ಆಯುಧಪೂಜೆಯ ದಿನ ಮಗ್ಗ ನಿಂತಾಗ

ಮಹಾನವಮಿ ಬಂತೆಂದರೆ ಯಂತ್ರಗಳಿಗೆ ರಾಜೋಪಚಾರ. ಒರೆಸಿ, ತೊಳೆದು, ಕುಂಕುಮ ಹಚ್ಚಿ, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು ಮಾಲೀಕರು ಕೈಮುಗಿಯುತ್ತಾರೆ. ಮುಗಿಯಲಿ, ನಮ್ಮ ತಕರಾರಿಲ್ಲ. ಅನ್ನ ಕೊಡುವ ವಸ್ತುವಿಗೆ ನಮಸ್ಕಾರ ಮಾಡುವುದು ನಮ್ಮ ಜನರ ನಡತೆ. ಆದರೆ ಆ ದಿನ ಮಗ್ಗಗಳೆಲ್ಲ ನಿಂತು ಶೆಡ್ಡು ಸದ್ದಡಗಿದಾಗ, ಮಗ್ಗ ನಡೆಸುವವನ ಕಿವಿಯೊಳಗೆ ಗುಂಯ್ ಎಂಬ ನಾದವೊಂದು ಎದ್ದು ನಿಲ್ಲುತ್ತದಲ್ಲ, ಅದು ಯಾವ ದೇವರ ಶಂಖ? ಹೊರಗೆ ಯಾವ ಸದ್ದೂ ಇಲ್ಲ. ಪಕ್ಕದವನಿಗೆ ಕೇಳಿದರೆ ಅವನಿಗೂ ಅದೇ ನಾದ. ವರ್ಷವಿಡೀ ಮಗ್ಗದ ಗದ್ದಲ ಅದನ್ನು ಮುಚ್ಚಿಟ್ಟಿತ್ತು. ಮಗ್ಗ ನಿಂತಾಗ ಗುಟ್ಟು ಹೊರಬಿತ್ತು.

ಈ ಮಾತನ್ನು ಮಾಲೀಕರ ಮುಂದೆ ಎತ್ತಿ ನೋಡಿ. "ಹೊಸದರಲ್ಲಿ ಹಾಗೇ, ಆಮೇಲೆ ಅಭ್ಯಾಸವಾಗುತ್ತದೆ" ಎಂಬ ಅಪ್ಪಣೆಯಾಗುತ್ತದೆ. ಏನು ಅಭ್ಯಾಸವಾಗುತ್ತದೆ ಎಂಬುದನ್ನು ನಾವು ವಿಚಾರಿಸೋಣ. ಕಿವಿಯ ಒಳಭಾಗದಲ್ಲಿ ಶಂಖದಂತೆ ಸುತ್ತಿಕೊಂಡ ಒಂದು ಸಣ್ಣ ಅಂಗವಿದೆ. ಅದರೊಳಗೆ ಸುಮಾರು 15 ಸಾವಿರ ರೋಮಕೋಶಗಳು ಸಾಲುಸಾಲಾಗಿ ನಿಂತಿವೆ. ಸದ್ದು ಅವನ್ನು ಬಾಗಿಸುತ್ತದೆ, ಅವು ಸುದ್ದಿಯನ್ನು ನರದ ಮೂಲಕ ಮೆದುಳಿಗೆ ಮುಟ್ಟಿಸುತ್ತವೆ. ಗಾಳಿಗೆ ಬಾಗಿದ ಪೈರು ಎದ್ದು ನಿಲ್ಲುವಂತೆ ಅವೂ ವಿಶ್ರಾಂತಿ ಸಿಕ್ಕರೆ ಎದ್ದು ನಿಲ್ಲುತ್ತವೆ. ದಿನವೂ ಬಿರುಗಾಳಿಯೇ ಬೀಸಿದರೆ ಮಲಗಿದ್ದು ಏಳುವುದಿಲ್ಲ. ಸತ್ತ ರೋಮಕೋಶ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಮಾಲೀಕರು ಅಭ್ಯಾಸ ಎನ್ನುವುದು ಈ ಸಾವಿಗೆ.

ಮೊದಲು ಹೋಗುವುದು ತಾರಸ್ವರ. ಸ, ಶ, ತ, ಕ ಎಂಬ ಅಕ್ಷರಗಳು ಮಸುಕಾಗುತ್ತವೆ, ಹೆಂಗಸರ ಮತ್ತು ಮಕ್ಕಳ ದನಿ ಜಾರುತ್ತದೆ. ಮನೆಯಲ್ಲಿ ಅಕ್ಕಿ ಎಂದರೆ ಇವನಿಗೆ ಅತ್ತಿ ಎಂದು ಕೇಳುತ್ತದೆ. "ಮಾತು ಕೇಳಿಸುತ್ತದೆ, ಏನೆಂದು ತಿಳಿಯುವುದಿಲ್ಲ" ಎನ್ನುತ್ತಾನೆ. ಮನೆಯವರು ಇವನಿಗೆ ಗಮನವಿಲ್ಲ ಎಂದು ಸಿಡುಕುತ್ತಾರೆ, ನೆಂಟರು ಸೊಕ್ಕು ಎನ್ನುತ್ತಾರೆ. ಕೈ ತುಂಡಾದರೆ ರಕ್ತ ಕಾಣುತ್ತದೆ, ಪಂಚನಾಮೆಯಾಗುತ್ತದೆ. ಕಿವಿ ಹೋದದ್ದಕ್ಕೆ ಸಾಕ್ಷಿ ಯಾರು?

ಇದು ಹೊಸದಾಗಿ ಕಂಡುಹಿಡಿದ ಸಂಗತಿಯೆಂದು ಯಾರೂ ನುಣುಚಿಕೊಳ್ಳುವಂತಿಲ್ಲ. ಇಟಲಿಯ ವೈದ್ಯ ರಮಾಜ್ಜಿನಿ 1700ರಲ್ಲಿ ಪ್ರಕಟಿಸಿದ ಕೆಲಸಗಾರರ ರೋಗಗಳ ಗ್ರಂಥದಲ್ಲೇ ವೆನಿಸ್ಸಿನ ತಾಮ್ರ ಬಡಿಯುವವರು ಕಿವುಡರಾಗುವುದನ್ನು ಬರೆದಿಟ್ಟ. ನಮ್ಮಲ್ಲಿ 1948ರ ಕಾರ್ಖಾನೆ ಕಾಯ್ದೆಯ ಮೂರನೆಯ ಪರಿಶಿಷ್ಟದಲ್ಲಿ ಸದ್ದಿನಿಂದಾಗುವ ಕಿವುಡುತನವೂ ಸೇರಿತು. ಅಂಥ ರೋಗಿಯನ್ನು ಕಂಡ ವೈದ್ಯ ಕಾರ್ಖಾನೆಗಳ ಮುಖ್ಯ ನಿರೀಕ್ಷಕರಿಗೆ ಬರೆದು ತಿಳಿಸಬೇಕೆಂದು ಆ ಕಾಯ್ದೆ ವಿಧಿಸಿತು. ಅದರ ಜಾಗಕ್ಕೆಂದು ಬರೆದ 2020ರ ಸಂಹಿತೆಯ ಪಟ್ಟಿಯಲ್ಲೂ ಈ ರೋಗದ ಹೆಸರಿದೆ. ನಿಮ್ಮ ಊರಿನಲ್ಲಿ ಹೀಗೆ ಬರೆದ ಕಾಗದ ಒಂದಾದರೂ ಉಂಟೇ? ವಿಚಾರಿಸಿ ನೋಡಿ.

ಲೆಕ್ಕವನ್ನೂ ಕೇಳಿ. ಕಾರ್ಖಾನೆಗಳ ಮಾದರಿ ನಿಯಮದ ಪ್ರಕಾರ 90 ಡೆಸಿಬಲ್ ಸದ್ದಿನಲ್ಲಿ ಮನುಷ್ಯನನ್ನು ಬರಿಗಿವಿಯಲ್ಲಿ 8 ಗಂಟೆ ನಿಲ್ಲಿಸಬಹುದು, 95 ಆದರೆ 4 ಗಂಟೆ, 100 ಆದರೆ 2 ಗಂಟೆ ಮಾತ್ರ. ಲಾಳಿ ಬಡಿಯುವ ಶೆಡ್ಡಿನಲ್ಲಿ ಸದ್ದು 90ನ್ನು ದಾಟುವುದು ಮಾಮೂಲು, 100ರ ಹತ್ತಿರ ಹೋಗುವುದೂ ಅಪರೂಪವಲ್ಲ. ಪಾಳಿ ಎಷ್ಟು ಗಂಟೆಯದೆಂದು ನಿಮಗೆ ನಾನು ಹೇಳಬೇಕೇ? ಅಳೆಯುವ ಯಂತ್ರವಿಲ್ಲದಿದ್ದರೂ ಅಡ್ಡಿಯಿಲ್ಲ. ಒಂದು ಮಾರು ದೂರದಲ್ಲಿರುವವನಿಗೆ ಮಾತು ತಲುಪಿಸಲು ಕೂಗಬೇಕಾಗಿ ಬಂದರೆ ಆ ಜಾಗ ಕಿವಿಗೆ ಕೇಡು.

ದೊಡ್ಡಬಳ್ಳಾಪುರ, ರಬಕವಿ-ಬನಹಟ್ಟಿ, ಗದಗ-ಬೆಟಗೇರಿಗಳ ಸಣ್ಣ ಶೆಡ್ಡುಗಳ ಪಾಡು ಇನ್ನೂ ಕೆಟ್ಟದ್ದು. ವಿದ್ಯುತ್ ಬಳಸುವಲ್ಲಿ 10 ಜನ ದುಡಿದರೆ ಅದು ಕಾರ್ಖಾನೆ ಎಂದಿತ್ತು ಹಳೆಯ ಕಾಯ್ದೆ. 2020ರ ಸಂಹಿತೆ ಅದನ್ನು 20ಕ್ಕೆ ಏರಿಸಿತು. ನಾಲ್ಕಾರು ಮಗ್ಗ, ಪಕ್ಕದಲ್ಲೇ ಅಡಿಗೆಮನೆ, ಮೂಲೆಯಲ್ಲಿ ತೊಟ್ಟಿಲು; ಅಲ್ಲಿಗೆ ಯಾವ ನಿರೀಕ್ಷಕನೂ ಕಾಲಿಡುವುದಿಲ್ಲ. ಹತ್ತು ಜನರ ಶೆಡ್ಡಿಗಿಂತ ಇಪ್ಪತ್ತು ಜನರ ಶೆಡ್ಡಿನ ಲಾಳಿ ಜೋರಾಗಿ ಬಡಿಯುತ್ತದೆಯೆಂದು ದೆಹಲಿಯ ಮಹನೀಯರಿಗೆ ಯಾರು ಹೇಳಿದರೋ!

ಇಷ್ಟಾದ ಕಿವಿಗೆ ದೀಪಾವಳಿ ಬರುತ್ತದೆ. ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬಲ್ ಮೀರುವ ಪಟಾಕಿಯನ್ನು ತಯಾರಿಸಕೂಡದು, ಮಾರಕೂಡದು ಎಂದು ನಿಯಮವಿದೆ. ನಮ್ಮ ಮಕ್ಕಳು 4 ಮೀಟರ್ ಅಳೆದು ನಿಲ್ಲುತ್ತಾರೆಯೇ? ಮಗ್ಗದ ಸದ್ದು ವರ್ಷಗಟ್ಟಲೆ ಮಾಡುವ ಕೆಲಸವನ್ನು ಕಿವಿಯ ಹತ್ತಿರ ಸಿಡಿದ ಒಂದು ಪಟಾಕಿ ಕ್ಷಣದಲ್ಲಿ ಮಾಡಬಲ್ಲದು, ಕಿವಿತಮಟೆಯನ್ನೇ ಹರಿಯಬಲ್ಲದು. ಸಿಡಿದ ಮೇಲೆ ಕಿವಿ ಮಂಕಾಗಿ ಮರುದಿನವೂ ಗುಂಯ್ಗುಟ್ಟಿದರೆ ಹಬ್ಬ ಮುಗಿಯಲಿ ಎಂದು ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ. ಚಿಕಿತ್ಸೆ ಫಲಿಸುವುದು ಮೊದಲ ಕೆಲವೇ ದಿನಗಳಲ್ಲಿ.

ಎಣ್ಣೆನೀರಿನ ಹಬ್ಬವೆಂದು ಅಜ್ಜಿ ಕಿವಿಗೂ ಬಿಸಿ ಎಣ್ಣೆ ಬಿಡುತ್ತಾಳೆ. ತಲೆಗೆ ಹಚ್ಚಲಿ, ಮೈಗೆ ತಿಕ್ಕಲಿ, ಕಿವಿಗೆ ಬೇಡ. ತಮಟೆಯಲ್ಲಿ ತೂತಿದ್ದರೆ ಎಣ್ಣೆ ನೀರು ಎರಡೂ ಒಳಕ್ಕಿಳಿದು ಕಿವಿ ಸೋರತೊಡಗುತ್ತದೆ. ಮಳೆಗಾಲ ಹಿಂದೆಗೆಯುವ ಈ ತೇವದ ದಿನಗಳಲ್ಲಿ ಕಿವಿಯಲ್ಲಿ ಬೂಷ್ಟು ಬೆಳೆಯುವುದೂ ಉಂಟು, ಅದಕ್ಕೂ ಎಣ್ಣೆ ಮದ್ದಲ್ಲ. ಸಂತೆಯಲ್ಲಿ ಗುಗ್ಗೆ ತೆಗೆಯುವವನ ಕಡ್ಡಿ, ಹೆಂಗಸರ ಹೇರ್‌ಪಿನ್ನು, ಬೀಗದ ಕೈ, ಇವೆಲ್ಲ ಕಿವಿಯಿಂದ ದೂರವಿರಲಿ.

ಅಂಗಡಿಯ ಬಂಧುಗಳಿಗೂ ಒಂದು ಮಾತು. ಮೆರವಣಿಗೆಯ ಡಿ.ಜೆ. ಗಾಡಿ ನಿಮ್ಮ ಗಾಜಿನ ಬೀರು ಅದುರಿಸಿಕೊಂಡು ಹೋಯಿತೆಂದು ನೀವು ದೂರುವುದು ನ್ಯಾಯ. 2000ದ ಶಬ್ದಮಾಲಿನ್ಯ ನಿಯಮ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದೆನ್ನುತ್ತದೆ. ಸರ್ಕಾರ ವರ್ಷಕ್ಕೆ 15 ದಿನ ಮಾತ್ರ ನಡುರಾತ್ರಿ 12ರವರೆಗೆ ಸಡಿಲಿಸಬಹುದು. ದೂರು ಕೊಡಿ. ಆದರೆ ಹಬ್ಬದ ವ್ಯಾಪಾರಕ್ಕೆಂದು ನಿಮ್ಮ ಬಾಗಿಲಲ್ಲೇ ಕಟ್ಟಿದ ಸ್ಪೀಕರಿನ ಕೆಳಗೆ ಬೆಳಗಿನಿಂದ ರಾತ್ರಿಯವರೆಗೆ ನಿಂತು ಬಟ್ಟೆ ಮಡಚುವ ಹುಡುಗನ ಕಿವಿ ಯಾರದು?

ಹತ್ತಿಯ ಉಂಡೆ ಕೊಟ್ಟು ಕೈತೊಳೆದುಕೊಳ್ಳುವ ಮಾಲೀಕರನ್ನು ನಂಬಬೇಡಿ, ಬರಿಯ ಹತ್ತಿ ಸದ್ದನ್ನು ತಡೆಯುವುದು ಅತ್ಯಲ್ಪ. ಸರಿಯಾದ ಕಿವಿಬೆಣೆ ಅಥವಾ ಕಿವಿಯನ್ನು ಪೂರಾ ಮುಚ್ಚುವ ಕಾಪು ಬೇಕು, ಅದೂ ಮಾಲೀಕರ ಖರ್ಚಿನಲ್ಲಿ. ಅದಕ್ಕೂ ಮೊದಲು ಸಡಿಲವಾದ ಭಾಗ ಬಿಗಿಯಾಗಬೇಕು, ಸವೆದದ್ದು ಬದಲಾಗಬೇಕು, ಯಂತ್ರದ ಕೆಳಗೆ ರಬ್ಬರು ಬರಬೇಕು. ಸದ್ದು ಹುಟ್ಟುವಲ್ಲೇ ಕಡಿಮೆಯಾಗಲಿ.

ದೀಪಾವಳಿಯ ಬೋನಸ್ಸಿಗಾಗಿ ಹೇಗೂ ಮಾಲೀಕರ ಎದುರು ಕೂರುತ್ತೀರಿ. ಆ ಪಟ್ಟಿಯಲ್ಲೇ ಇನ್ನೊಂದು ಸಾಲು ಬರೆಯಿರಿ: ಪ್ರತಿಯೊಬ್ಬನಿಗೂ ವರ್ಷಕ್ಕೊಮ್ಮೆ ಕಿವಿಯ ಪರೀಕ್ಷೆ, ಫಲಿತಾಂಶದ ಪ್ರತಿ ಅವನ ಕೈಗೆ. ಈ ಪರೀಕ್ಷೆಗೆ ಮುಂಚೆ ಕಿವಿಗೆ ಕನಿಷ್ಠ 14 ಗಂಟೆ ಗದ್ದಲ ಬೀಳದಿರಬೇಕೆಂಬುದು ವಾಡಿಕೆಯ ಕ್ರಮ. ವರ್ಷದಲ್ಲಿ ಅಂಥ ಬೆಳಗು ನಮಗೆ ತಾನಾಗಿಯೇ ಸಿಗುತ್ತದೆ. ಆಯುಧಪೂಜೆ, ವಿಜಯದಶಮಿ ಕಳೆದು ಗಿರಣಿ ತೆರೆಯುವ ದಿನ, ಸ್ವಿಚ್ಚು ಹಾಕುವ ಮುಂಚೆ ಎಲ್ಲರನ್ನೂ ಪರೀಕ್ಷಿಸಲಿ. ಅದಾಗುವವರೆಗೆ ಮಗ್ಗ ಇನ್ನೂ ಸ್ವಲ್ಪ ಹೊತ್ತು ಕುಂಕುಮ ಹಚ್ಚಿಕೊಂಡು ನಿಂತಿರಲಿ.